ಹುಲಿಯನ್ನು ಪಟ್ಟಿಯಿಂದ ತೆಗೆದು ಅಣಶಿಗೆ ಹೊರಡಿ

ವನ್ಯಜೀವಿ ಸಪ್ತಾಹದಲ್ಲಿ ಕಾರವಾರದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಒಂದಷ್ಟು ಸೇರಿಸಿದ್ದೇನೆ, ಒಂದಷ್ಟು ಬಿಟ್ಟಿದ್ದೇನೆ. ಕೊನೆಯಲ್ಲಿ ಸಭೆಯಲ್ಲಿದ್ದವರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ.

ಕಾರವಾರದವರಿಗೆ ಅಣಶಿ ಅಂದರೆ ಒಂದು ಘಟ್ಟ, ಅಷ್ಟೇ. ಕದ್ರಾ ದಾಟಿದ ಮೇಲೆ ಬರುವ ತಿರುವುಗಳು, ಹಿಂದಿನ ಸೀಟಿನಲ್ಲಿ ಯಾರಿಗೋ ವಾಂತಿ, ಆಮೇಲೆ ಕುಂಬಾರವಾಡದಲ್ಲಿ ಒಂದು ಚಹಾ. ನಾವು ಹಾದು ಬಂದದ್ದು ಒಂದು ರಾಷ್ಟ್ರೀಯ ಉದ್ಯಾನ ಅನ್ನೋದು ಬೋರ್ಡು ಕಂಡಾಗ ಮಾತ್ರ ನೆನಪಾಗುತ್ತದೆ. ಬೆಂಗಳೂರಿನವರು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ನಮ್ಮ ಕಾಡಿಗೆ ಬರುತ್ತಾರೆ. ನಾವು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಹುಲಿ ನೋಡಲು ಕಬಿನಿಗೆ ಹೋಗುತ್ತೇವೆ. ಹೋಗಬಾರದು ಅಂತಲ್ಲ. ಆದರೆ ಐವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿರುವುದನ್ನು ಒಮ್ಮೆಯಾದರೂ ಸರಿಯಾಗಿ ನೋಡಬೇಕಲ್ವಾ?

ಈ ಸರಿಯಾಗಿ ನೋಡುವುದಕ್ಕೆ ಪ್ಲಾನ್ ಬೇಕು. ಅದರ ಮೊದಲ ಹೆಜ್ಜೆ ಯಾವುದು ಅಂತ ಕೇಳಿದರೆ, ನನ್ನ ಉತ್ತರ ಒಂದೇ. ನೋಡಬೇಕಾದ ಪ್ರಾಣಿಗಳ ಪಟ್ಟಿಯಿಂದ ಹುಲಿಯನ್ನು ತೆಗೆದುಹಾಕಿ. ಮುಂದಿನದ್ದೆಲ್ಲ ಅಲ್ಲಿಂದ ಸುಲಭವಾಗುತ್ತದೆ.

ಹುಲಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದು ಹುಲಿ ಸಂರಕ್ಷಿತ ಪ್ರದೇಶವೇ. ದಾಂಡೇಲಿ ಅಭಯಾರಣ್ಯ ಆದದ್ದು 1956ರಲ್ಲಿ. ಅದರಿಂದ ಒಂದು ಭಾಗ ಬೇರ್ಪಡಿಸಿ 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ ಮಾಡಿದರು. 2007ರಲ್ಲಿ ಎರಡನ್ನೂ ಸೇರಿಸಿ ಹುಲಿ ಯೋಜನೆಗೆ ತಂದರು. 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಂತ ಹೆಸರಿಟ್ಟರು. ಅಣಶಿ ಭಾಗ ಸುಮಾರು 340 ಚದರ ಕಿಲೋಮೀಟರ್, ದಾಂಡೇಲಿ ಭಾಗ ಸುಮಾರು 475. ಹೆಸರು ಕೊಟ್ಟ ಕಾಳಿ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು, ಇಲ್ಲೇ ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುತ್ತದೆ. 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದು ಬಿತ್ತಲ್ಲ, ಅದರ ಕೆಳಗೆ ಹರಿಯುತ್ತಿದ್ದ ನೀರು ಈ ಕಾಡಿನಿಂದಲೇ ಬಂದದ್ದು.

ಹುಲಿಯ ಲೆಕ್ಕಕ್ಕೆ ಬರೋಣ. 2022ರ ಗಣತಿಯ ಅಂದಾಜಿನ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳು. ಅದರಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಕಾಳಿಯದ್ದು ಸಣ್ಣ ಪಾಲು. ಯಾಕೆ ಹೀಗೆ? ಕಾಡು ಕಡಿಮೆ ದಟ್ಟ ಅಂತಲ್ಲ, ಜಾಸ್ತಿ ದಟ್ಟ ಅಂತ. ಅಣಶಿ ಕಡೆಯದ್ದು ನಿತ್ಯಹರಿದ್ವರ್ಣದ ಮಳೆಕಾಡು. ಅಲ್ಲಿ ಮರದ ತಲೆಗಳು ಒಂದಕ್ಕೊಂದು ತಾಗಿಕೊಂಡು ಬಿಸಿಲನ್ನು ಕೆಳಗೆ ಬಿಡುವುದಿಲ್ಲ. ಬಿಸಿಲಿಲ್ಲದಿದ್ದರೆ ಹುಲ್ಲಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆಯ ಹಿಂಡಿಲ್ಲ. ಹಿಂಡಿಲ್ಲದಿದ್ದರೆ ಹುಲಿ ಹೊಟ್ಟೆ ತುಂಬಿಸಿಕೊಳ್ಳಲು ದೊಡ್ಡ ಜಾಗದಲ್ಲಿ ಓಡಾಡಬೇಕು. ಬಂಡೀಪುರದ ಬಯಲಿನಲ್ಲಿ ಹತ್ತಿಪ್ಪತ್ತು ಹುಲಿ ಇರುವಷ್ಟು ಜಾಗದಲ್ಲಿ ಇಲ್ಲಿ ಒಂದೆರಡು ಇದ್ದರೆ ಹೆಚ್ಚು. ಆ ಒಂದೆರಡು ಕೂಡ ಹತ್ತು ಅಡಿ ಆಚೆ ನಿಂತರೆ ಕಾಣುವುದಿಲ್ಲ.

ಹಾಗಾದರೆ ಇಲ್ಲಿ ಊಟ ಎಲ್ಲಿದೆ? ಮೇಲಿದೆ. ಹಣ್ಣು, ಚಿಗುರು, ಹೂವು ಎಲ್ಲ ನೂರಡಿ ಎತ್ತರದಲ್ಲಿದೆ. ಅದನ್ನು ತಿನ್ನುವವರೂ ಅಲ್ಲೇ ಇದ್ದಾರೆ. ಮಂಗಟ್ಟೆ (ಹಾರ್ನ್‌ಬಿಲ್), ಕೆಂದಳಿಲು, ಮಂಗ, ಹಾರುಬೆಕ್ಕು ಅನ್ನುವ ಹಾರುವ ಅಳಿಲು. ಅಣಶಿಯಲ್ಲಿ ನೆಲ ನೋಡುತ್ತಾ ಕೂತವರು ನಿರಾಶರಾಗಿ ಬರುತ್ತಾರೆ. ಕುತ್ತಿಗೆ ನೋಯಿಸಿಕೊಂಡು ಬಂದವರು ಖುಷಿಯಲ್ಲಿರುತ್ತಾರೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಹುಲಿಗಾಗಿ ಹಾಕಿದ ಪ್ಲಾನ್ ಎಲ್ಲವನ್ನೂ ಬದಲಿಸುತ್ತದೆ. ಯಾವ ತಿಂಗಳು, ಯಾವ ಗೇಟು, ಯಾವ ಹೊತ್ತು, ಚೀಲದಲ್ಲಿ ಏನು, ಎಲ್ಲವೂ ಬೇರೆಯಾಗುತ್ತದೆ. ಕಬಿನಿಗೆ ಮಾಡಿದ ಪ್ಲಾನನ್ನೇ ಇಲ್ಲಿಗೂ ಹಾಕಿದರೆ ದುಡ್ಡು ದಂಡ.

ಈಗ ಜಾಗದ ವಿಚಾರ. ನಕ್ಷೆಯಲ್ಲಿ ಒಂದೇ ಬಣ್ಣ ಬಳಿದಿದ್ದರೂ ಇಲ್ಲಿ ಎರಡು ಕಾಡಿದೆ. ಪಶ್ಚಿಮಕ್ಕೆ, ಅಂದರೆ ನಮ್ಮ ಕಡೆಗೆ, ಅಣಶಿಯ ಮಳೆಕಾಡು. ಪೂರ್ವಕ್ಕೆ ದಾಂಡೇಲಿಯ ಎಲೆ ಉದುರುವ ಕಾಡು, ಸಾಗವಾನಿ ಮತ್ತು ಬಿದಿರು. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂದದ್ದು ಆ ಬಿದಿರಿಗಾಗಿಯೇ. ಸಫಾರಿ ಅಂತ ಹೆಚ್ಚಿನವರು ಹೋಗುವುದು ಈ ಪೂರ್ವದ ಭಾಗಕ್ಕೆ, ಕುಳಗಿ ನಿಸರ್ಗ ಶಿಬಿರದ ಹತ್ತಿರದ ಫಣಸೋಲಿಗೆ. ಜೀಪಿನಲ್ಲಿ ಕೂತು ಕಾಟಿ, ಚುಕ್ಕೆ ಜಿಂಕೆ, ಕಡವೆ ನೋಡುವ ಅವಕಾಶ ಅಲ್ಲಿ ಜಾಸ್ತಿ. ಕಾರಣ ಗೊತ್ತೇ ಇದೆ, ಅಲ್ಲಿ ಬಿಸಿಲು ನೆಲಕ್ಕೆ ಬೀಳುತ್ತದೆ, ಹುಲ್ಲಿದೆ.

ಅಣಶಿಯಿಂದ ಕುಳಗಿಗೆ ಸುಮಾರು ಎರಡು ತಾಸಿನ ದಾರಿ. ಒಂದೇ ದಿನದಲ್ಲಿ ಎರಡನ್ನೂ ಮುಗಿಸುತ್ತೇವೆ ಅಂತ ಹೊರಟವರು ಕೊನೆಗೆ ನೋಡುವುದು ರಸ್ತೆಯನ್ನು ಮಾತ್ರ. ಎರಡು ರಾತ್ರಿ ಇಟ್ಟುಕೊಳ್ಳಿ. ಒಂದು ರಾತ್ರಿ ಅಣಶಿ ಅಥವಾ ಜೋಯಿಡಾ ಕಡೆ, ಒಂದು ಕುಳಗಿ ಅಥವಾ ಗಣೇಶಗುಡಿ ಕಡೆ. ಸಿರ್ಸಿಯಿಂದ ಬರುವವರಿಗೆ ಇದು ಉಲ್ಟಾ. ಯಲ್ಲಾಪುರ ದಾಟಿ ಮೊದಲು ದಾಂಡೇಲಿ ಸೇರಿ, ಆಮೇಲೆ ಜೋಯಿಡಾ, ಅಣಶಿ, ಕದ್ರಾ ಅಂತ ಇಳಿದು ಕಾರವಾರದಲ್ಲಿ ಮೀನೂಟ ಮಾಡಿ ಅಂಕೋಲಾ ಮೇಲೆ ಮನೆಗೆ ಹೋಗಬಹುದು. ಮೀನು ತಿನ್ನದವರಿಗೂ ಕಾರವಾರದಲ್ಲಿ ಊಟಕ್ಕೆ ತೊಂದರೆಯಿಲ್ಲ.

ಬುಕಿಂಗ್ ಮಾಡುವ ಕ್ರಮದಲ್ಲಿ ನಮ್ಮವರು ಎಡವುತ್ತಾರೆ. ಮೊದಲು ರೆಸಾರ್ಟ್ ಬುಕ್ ಮಾಡುತ್ತಾರೆ. ಅದರಲ್ಲಿ ರಾಫ್ಟಿಂಗ್, ಕ್ಯಾಂಪ್‌ಫೈರ್, ಮಳೆ ನೃತ್ಯ ಎಲ್ಲ ಇರುತ್ತದೆ. ಅಲ್ಲಿ ಹೋದ ಮೇಲೆ ಸಫಾರಿ ಕೇಳುತ್ತಾರೆ. ಆ ಹೊತ್ತಿಗೆ ಜೀಪಿನ ಸೀಟು ಮುಗಿದಿರುತ್ತದೆ. ಪರಿಚಯದ ಒಂದು ಕುಟುಂಬಕ್ಕೆ ಹೀಗೇ ಆಯಿತು. ಪ್ಯಾಕೇಜಿನಲ್ಲಿ ಸಫಾರಿ ಸೇರಿದೆ ಅಂತ ಹೇಳಿದ್ದ ರೆಸಾರ್ಟಿನವರು, ಬೆಳಿಗ್ಗೆ ಇವರನ್ನು ತಮ್ಮದೇ ಜೀಪಿನಲ್ಲಿ ಹತ್ತಿರದ ಕೆರೆ ಸುತ್ತಿಸಿ ವಾಪಸ್ ತಂದರು. ಉದ್ಯಾನದ ಗೇಟು ನೋಡಲೇ ಇಲ್ಲ. ಹಾಗಾಗಿ ಮೊದಲು ಅರಣ್ಯ ಇಲಾಖೆಯ ಸಫಾರಿ ಅಥವಾ ಇಲಾಖೆಯ ಶಿಬಿರ, ಆಮೇಲೆ ಉಳಿಯುವ ಜಾಗ. ಗೇಟು ತೆರೆದಿದೆಯಾ, ಹೊತ್ತು ಯಾವುದು, ದರ ಎಷ್ಟು ಅಂತ ಹೊರಡುವ ವಾರದಲ್ಲೇ ಫೋನ್ ಮಾಡಿ ಕೇಳಿ. ಮಳೆ, ಬೆಂಕಿ, ಗಣತಿ ಅಂತ ಯಾವಾಗ ಬೇಕಾದರೂ ಸಫಾರಿ ನಿಲ್ಲಬಹುದು.

ನಿಮಗೆ ಒಂದು ನಿಯಮ ಗೊತ್ತಿರಲಿ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2012ರಲ್ಲಿ ಪ್ರವಾಸೋದ್ಯಮಕ್ಕೆ ಮಾರ್ಗಸೂಚಿ ತಂದಿತು. ಅದರ ಪ್ರಕಾರ ಹುಲಿ ಪ್ರದೇಶದ ಕೋರ್ ಭಾಗದಲ್ಲಿ ಶೇ 20ಕ್ಕಿಂತ ಹೆಚ್ಚು ಜಾಗವನ್ನು ಪ್ರವಾಸಿಗರಿಗೆ ಬಿಡುವಂತಿಲ್ಲ. ಅಂದರೆ ಕಾಡಿನ ಬಹುಪಾಲು ನಮಗೆ ಮುಚ್ಚಿದೆ, ಮುಚ್ಚಿಯೇ ಇರಬೇಕು. "ನನಗೆ ಗಾರ್ಡ್ ಪರಿಚಯ, ಒಳಗೆ ಕರೆದುಕೊಂಡು ಹೋಗುತ್ತೇನೆ" ಅನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಅವರ ಜತೆ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿಯಿಲ್ಲದೆ ಒಳಗೆ ಕಾಲಿಡುವುದೇ ಅಪರಾಧ. ಸಿಕ್ಕಿಬಿದ್ದರೆ ಪರಿಚಯದವರು ಇರುವುದಿಲ್ಲ, ನೀವಿರುತ್ತೀರಿ.

ಈಗ ಯಾವ ತಿಂಗಳು ಹೋಗಬೇಕು ಅನ್ನುವ ಪ್ರಶ್ನೆ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಮಳೆಗಾಲ ಬಿಟ್ಟುಬಿಡಿ. ಘಟ್ಟದ ಮೇಲಿನ ಕ್ಯಾಸಲ್ ರಾಕ್ ಕಡೆ ಬೀಳುವ ಮಳೆ ರಾಜ್ಯದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. 2021ರ ಜುಲೈನಲ್ಲಿ ಅಣಶಿ ಘಟ್ಟದಲ್ಲಿ ಗುಡ್ಡ ಜಾರಿ ರಸ್ತೆ ಬಂದ್ ಆದದ್ದು ನಿಮಗೆ ನೆನಪಿರಬಹುದು. ಅದೇ ಮಳೆಗೆ ಯಲ್ಲಾಪುರದ ಕಳಚೆ ಊರೇ ಜಾರಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ರಸ್ತೆಯನ್ನು ನೆಚ್ಚಿಕೊಂಡು ಮಕ್ಕಳು ಮರಿಗಳ ಜತೆ ಪ್ಲಾನ್ ಹಾಕಬೇಡಿ.

ಆದರೆ ಒಂದು ಮಾತು. ಮಳೆಗಾಲವೇ ಕಪ್ಪೆಗಳ ಕಾಲ. ನಮ್ಮ ಜಿಲ್ಲೆ ಈ ವಿಷಯದಲ್ಲಿ ದೊಡ್ಡ ಶ್ರೀಮಂತ. ಕ್ಯಾಸಲ್ ರಾಕ್ ಹತ್ತಿರ ಸಿಕ್ಕ ಒಂದು ಇರುಳುಗಪ್ಪೆಯನ್ನು 2005ರಲ್ಲಿ ಹೊಸ ಜಾತಿ ಅಂತ ವಿಜ್ಞಾನಿಗಳು ಬರೆದರು. ಸಿದ್ದಾಪುರ ಕಡೆಯ ಕತ್ತಲೆಕಾನಿನಲ್ಲಿ ಇನ್ನೊಂದಿದೆ. 2014ರಲ್ಲಿ ಅದಕ್ಕೆ ಕುಂಬಾರ ಕಪ್ಪೆ ಅಂತಲೇ ಹೆಸರಿಟ್ಟರು. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ತೋಡಿನಿಂದ ಕೈಯಲ್ಲಿ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ನಿಂತುಕೊಂಡು, ಎರಡು ಕೈಯಲ್ಲಿ! ಹುಲಿ ಕಾಣಲಿಲ್ಲ ಅಂತ ಮುಖ ಸಪ್ಪೆ ಮಾಡುವವರಿಗೆ ನಾನು ಈ ಕಪ್ಪೆಯ ಕಥೆ ಹೇಳುತ್ತೇನೆ. ಅರ್ಧ ಜನ ನಂಬುವುದಿಲ್ಲ.

ಅಕ್ಟೋಬರ್, ನವೆಂಬರ್‌ನಲ್ಲಿ ಕಾಡು ತೊಳೆದಿಟ್ಟ ಹಾಗೆ ಹಸಿರಾಗಿರುತ್ತದೆ. ಹಳ್ಳಗಳಲ್ಲಿ ನೀರಿರುತ್ತದೆ. ಉಂಬಳವೂ, ಅಂದರೆ ಕಾಡಿನ ಜಿಗಣೆಯೂ, ಇರುತ್ತದೆ. ಉಂಬಳಕ್ಕೆ ಹೆದರಬೇಡಿ, ಅದು ಕಾಯಿಲೆ ಹರಡುವುದಿಲ್ಲ. ಮೊಣಕಾಲಿನವರೆಗೆ ಬರುವ ಬಟ್ಟೆಯ ಕಾಲುಚೀಲ ಸಾಕು. ಆದರೆ ಎಲೆ ದಟ್ಟವಾಗಿರುವುದರಿಂದ ಪ್ರಾಣಿ ಕಾಣುವುದು ಕಷ್ಟ. ನೀರು ಎಲ್ಲ ಕಡೆ ಇರುವುದರಿಂದ ಅವು ಒಂದೇ ಜಾಗಕ್ಕೆ ಬರುವುದೂ ಇಲ್ಲ.

ಡಿಸೆಂಬರ್‌ನಿಂದ ಫೆಬ್ರುವರಿ ಹಕ್ಕಿಗಳ ಕಾಲ. ಹಾರ್ನ್‌ಬಿಲ್ ಅಂದರೆ ದಾಂಡೇಲಿ ಅನ್ನುವ ಮಟ್ಟಿಗೆ ಹೆಸರಾಗಿದೆ. ನಾಲ್ಕು ಜಾತಿಯ ಮಂಗಟ್ಟೆಗಳು ಈ ಒಂದೇ ಸೀಮೆಯಲ್ಲಿ ಸಿಗುತ್ತವೆ. ದೊಡ್ಡ ಮಂಗಟ್ಟೆ ಮತ್ತು ಮಲಬಾರ್ ಬೂದು ಮಂಗಟ್ಟೆ ಮಳೆಕಾಡಿನವು. ಕಪ್ಪು ಬಿಳುಪಿನ ಮಲಬಾರ್ ಪೈಡ್ ದಾಂಡೇಲಿಯ ನದಿ ದಂಡೆಯ ಕಡೆ ಜಾಸ್ತಿ. ನಾಲ್ಕನೆಯದು ಬಯಲು ಸೀಮೆಯಲ್ಲೂ ಕಾಣುವ ಸಾದಾ ಬೂದು ಮಂಗಟ್ಟೆ. 2011ರಲ್ಲಿ ಇವುಗಳಿಗಾಗಿಯೇ ದಾಂಡೇಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ದೊಡ್ಡ ಮಂಗಟ್ಟೆಯನ್ನು ಮೊದಲು ಕಿವಿಯಲ್ಲಿ ನೋಡುತ್ತೀರಿ. ಅದು ಹಾರಿದರೆ ರೆಕ್ಕೆಯ ಸಂದಿಯಲ್ಲಿ ಗಾಳಿ ನುಗ್ಗಿ ಉಗಿಬಂಡಿಯ ಥರ ಬುಸ್ ಬುಸ್ ಸದ್ದು ಬರುತ್ತದೆ. ಆ ಸದ್ದು ಕೇಳಿದ ಕೂಡಲೇ ಆಕಾಶದ ಕಿಂಡಿ ಹುಡುಕಿ.

ಫೆಬ್ರುವರಿ ದಾಟಿದರೆ ಇನ್ನೊಂದು ಚೆಂದ, ಅದರ ಜತೆ ಒಂದು ಎಚ್ಚರಿಕೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು, ಪೊಟರೆಯ ಬಾಯಿಯನ್ನು ಹಿಕ್ಕೆ ಮತ್ತು ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ಒಂದು ಸೀಳು ಮಾತ್ರ ಬಿಟ್ಟಿರುತ್ತದೆ. ಗಂಡು ಅತ್ತಿ, ಆಲದ ಜಾತಿಯ ಹಣ್ಣುಗಳನ್ನು ತಂದು ಆ ಸೀಳಿನಲ್ಲಿ ಕೊಡುತ್ತದೆ. ತಿಂಗಳುಗಟ್ಟಲೆ ತಾಯಿ, ಮರಿ ಎಲ್ಲರ ಹೊಟ್ಟೆಯೂ ಆ ಒಂದು ಗಂಡಿನ ಮೇಲೆ. ಗೂಡಿನ ಕೆಳಗೆ ಕ್ಯಾಮೆರಾ ಹಿಡಿದು ಹತ್ತು ಜನ ನಿಂತರೆ ಅದು ಹತ್ತಿರ ಬರುವುದಿಲ್ಲ. ಒಳಗಿರುವವರು ಉಪವಾಸ. ಯಾವುದಾದರೂ ಗೈಡ್ "ಗೂಡು ತೋರಿಸುತ್ತೇನೆ" ಅಂದರೆ ಬೇಡ ಅನ್ನಿ. ಹಣ್ಣು ಬಿಟ್ಟ ಆಲದ ಮರ ತೋರಿಸು ಅನ್ನಿ. ಆ ಮರದಿಂದ ಒಂದಷ್ಟು ದೂರ ಸುಮ್ನೆ ಕೂತರೆ ಮಂಗಟ್ಟೆ, ಹಸಿರು ಪಾರಿವಾಳ, ಕೆಂದಳಿಲು ಎಲ್ಲ ಅಲ್ಲಿಗೇ ಬರುತ್ತವೆ. ನನ್ನ ಪ್ರಕಾರ ಈ ಕಾಡಿನ ನಿಜವಾದ ಸಫಾರಿ ಅದೇ.

ಮಾರ್ಚ್‌ನಿಂದ ಮೇ. ದಾಂಡೇಲಿ ಕಡೆ ಎಲೆ ಉದುರಿ ಕಾಡು ತೆರೆದುಕೊಳ್ಳುತ್ತದೆ. ನೀರಿರುವ ಜಾಗಕ್ಕೆ ಕಾಟಿಗಳು ಬರುತ್ತವೆ. ಜೀಪಿನಿಂದ ದೊಡ್ಡ ಪ್ರಾಣಿ ನೋಡಬೇಕು ಅನ್ನುವವರಿಗೆ ಇದು ಒಳ್ಳೆಯ ಕಾಲ. ಸೆಖೆ ತಡೆದುಕೊಳ್ಳಬೇಕು. ಕರಿ ಚಿರತೆಯ ಆಸೆಯಿದ್ದವರೂ ಈ ಹೊತ್ತಿಗೇ ಹೋಗುತ್ತಾರೆ. ಕಾಳಿಯ ಕಾಡು ಕರಿ ಚಿರತೆಗೆ ಹೆಸರುವಾಸಿ. ಅದು ಬೇರೆ ಜಾತಿಯೇನಲ್ಲ, ನಮ್ಮ ಮಾಮೂಲಿ ಚಿರತೆಯೇ, ಬಣ್ಣ ಮಾತ್ರ ಕಪ್ಪು. ಓರೆ ಬಿಸಿಲು ಬಿದ್ದರೆ ಕಪ್ಪಿನೊಳಗೆ ಚುಕ್ಕೆಗಳು ಕಾಣುತ್ತವೆ. ಹುಲಿಯನ್ನು ಪಟ್ಟಿಯಿಂದ ತೆಗೆದ ಜಾಗಕ್ಕೆ ಇದನ್ನು ಸೇರಿಸಬೇಡಿ ಮತ್ತೆ!

ಬೇಸಿಗೆಯ ಇನ್ನೊಂದು ಮುಖ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ನಮ್ಮ ಸಿದ್ದಾಪುರ, ಹೊನ್ನಾವರ, ಜೋಯಿಡಾ ಕಡೆಯೂ ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಮೇ ತನಕ ಇದರ ಹಾವಳಿ ಜಾಸ್ತಿ. ಹರಡುವುದು ಕಾಡಿನ ಉಣ್ಣಿಯಿಂದ, ಮನುಷ್ಯರಿಂದ ಮನುಷ್ಯರಿಗೆ ಅಲ್ಲ. ಜೀಪಿನಲ್ಲಿ ಕೂತವರಿಗೆ ಅಪಾಯ ಕಡಿಮೆ. ಕಾಲುದಾರಿಯಲ್ಲಿ ನಡೆದು, ತರಗೆಲೆಯ ಮೇಲೆ ಕೂತು ಅವಲಕ್ಕಿ ತಿನ್ನುವವರು ಎಚ್ಚರವಾಗಿರಬೇಕು. ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಉಣ್ಣಿ ಹತ್ತಿರ ಬಾರದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ವಾಪಸ್ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಿನಿಂದ ಬಂದ ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ "ನಾನು ಕಾಡಿಗೆ ಹೋಗಿದ್ದೆ" ಅಂತ ಡಾಕ್ಟರಿಗೆ ನೀವೇ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ.

ತಿಂಗಳ ಲೆಕ್ಕದಲ್ಲಿ ಒಂದು ಸಣ್ಣ ವಿಷಯ ಉಳಿಯಿತು. ಭಾರತ ಹುಣ್ಣಿಮೆಯ ಹೊತ್ತಿಗೆ ಉಳವಿ ಜಾತ್ರೆ. ಚನ್ನಬಸವಣ್ಣನವರ ಸಮಾಧಿಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಾರೆ. ಅದನ್ನು ನೋಡಲೇಬೇಕು, ಆದರೆ ಅದೇ ಬೇರೆ ಪ್ರವಾಸ. ಸಫಾರಿಗೆ ಅಂತ ಹೊರಟವರು ಆ ವಾರ ತಪ್ಪಿಸಿ. ರಸ್ತೆಯಲ್ಲೂ ಜಾಗವಿರುವುದಿಲ್ಲ, ಉಳಿಯಲೂ ಜಾಗವಿರುವುದಿಲ್ಲ.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮವರು ಕ್ಯಾಮೆರಾಕ್ಕೆ ಲಕ್ಷ ಸುರಿಯುತ್ತಾರೆ, ದುರ್ಬೀನು ತರುವುದಿಲ್ಲ. ಮಳೆಕಾಡಿನ ಒಳಗೆ ಬೆಳಿಗ್ಗೆ ಎಂಟರವರೆಗೂ ಮಬ್ಬು. ಅಲ್ಲಿ ಫೋಟೋ ಬರುವುದು ಕಷ್ಟ, ಕಣ್ಣಿಗೆ ಕಾಣುವುದು ಸುಲಭ. ದುರ್ಬೀನಿನ ಮೇಲೆ 8x42 ಅಂತ ಬರೆದಿದ್ದರೆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಂತ ಅರ್ಥ. 42ನ್ನು 8ರಿಂದ ಭಾಗಿಸಿ, 5ಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಈ ಅಂಕಿ ದೊಡ್ಡದಾದಷ್ಟೂ ಮಬ್ಬಿನಲ್ಲಿ ಚೆನ್ನಾಗಿ ಕಾಣುತ್ತದೆ. ಜೇಬಿನಲ್ಲಿ ಹಿಡಿಯುವ 10x25ಕ್ಕೆ ಎರಡೂವರೆ ಮಾತ್ರ. ಅದು ಕ್ರಿಕೆಟ್ ನೋಡಲು ಸಾಕು, ಅಣಶಿಗೆ ಸಾಲದು. ಡ್ರೋನ್ ಮನೆಯಲ್ಲೇ ಇರಲಿ. ಅನುಮತಿಯಿಲ್ಲದೆ ಹಾರಿಸುವ ಹಾಗಿಲ್ಲ.

ಹಣವನ್ನು ನೋಟಿನಲ್ಲೇ ಇಟ್ಟುಕೊಳ್ಳಿ. ನೆಟ್‌ವರ್ಕ್ ಎಲ್ಲಿ ಹೋಗುತ್ತದೆ, ಎಲ್ಲಿ ಬರುತ್ತದೆ ಹೇಳಲಾಗದು. ನಕ್ಷೆ ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಯಾವ ದಿನ ಎಲ್ಲಿರುತ್ತೀರಿ ಅಂತ ಮನೆಯಲ್ಲಿ ಒಬ್ಬರಿಗೆ ಬರೆದುಕೊಡಿ. ಗಾಡಿಯ ಟ್ಯಾಂಕ್ ತುಂಬಿಸಿಯೇ ಘಟ್ಟ ಹತ್ತಿ. ಕತ್ತಲಾಗುವ ಮೊದಲು ಘಟ್ಟ ದಾಟಿರಬೇಕು. ರಾತ್ರಿ ರಸ್ತೆ ಪ್ರಾಣಿಗಳದ್ದು, ತಿರುವಿನಲ್ಲಿ ಕಾಟಿ ನಿಂತಿದ್ದರೆ ನಿಮಗೂ ಉಳಿವಿಲ್ಲ, ಅದಕ್ಕೂ ಇಲ್ಲ. ಹಗಲಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸಿ ಇಳಿಯುವುದು, ಮಂಗಗಳಿಗೆ ಚಿಪ್ಸ್ ಹಾಕುವುದು, ಇದೆಲ್ಲ ಬೇಡ.

ನದಿಗೆ ಇಳಿಯುವ ಮೊದಲು ಸ್ಥಳೀಯರನ್ನು ಕೇಳಿ. ದಾಂಡೇಲಿ ಕಡೆ ಮೊಸಳೆ ಇದೆ. ಅದಕ್ಕಿಂತ ದೊಡ್ಡ ಅಪಾಯ ಅಣೆಕಟ್ಟಿನದ್ದು. ಮೇಲೆ ಸೂಪಾ, ಆಮೇಲೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ. ವಿದ್ಯುತ್ ಬೇಕಾದಾಗ ನೀರು ಬಿಡುತ್ತಾರೆ. ನೀವು ನಿಂತ ಬಂಡೆ ನೋಡುನೋಡುತ್ತಲೇ ಮುಳುಗಬಹುದು.

ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದ ಹಾಗೆ ಇಟ್ಟು ಆಸ್ಪತ್ರೆಗೆ ಓಡಿ. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷದ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಳಿಂಗಕ್ಕೋ ಮಳೆಕಾಡಿನ ಗುಳಿಮಂಡಲಕ್ಕೋ ಅದು ಮದ್ದಲ್ಲ. ಹಾಗಾಗಿ ಟಾರ್ಚ್ ಇಲ್ಲದೆ ರಾತ್ರಿ ಅಂಗಳಕ್ಕೂ ಕಾಲಿಡಬೇಡಿ. ದೊಡ್ಡ ಆಸ್ಪತ್ರೆಗಾಗಿ ಈ ಜಿಲ್ಲೆಯವರು ಎಷ್ಟು ಕೂಗಿದ್ದೇವೆ ಅಂತ ನಿಮಗೆ ಗೊತ್ತು. ಜೋಯಿಡಾ ಮೂಲೆಯಲ್ಲಿ ಏನಾದರೂ ಆದರೆ ದಾಂಡೇಲಿ, ಹುಬ್ಬಳ್ಳಿ ಅಥವಾ ಇಲ್ಲಿಯ ವೈದ್ಯಕೀಯ ಕಾಲೇಜು. ಯಾವುದು ಹತ್ತಿರ ಅಂತ ಉಳಿಯುವ ಮನೆಯವರನ್ನು ಹೋದ ದಿನವೇ ಕೇಳಿಟ್ಟುಕೊಳ್ಳಿ.

ಉಳಿಯುವ ಮನೆ ಅಂದೆ. ಜೋಯಿಡಾ ಕಡೆ ಕುಣಬಿ ಸಮುದಾಯದವರ ಮನೆಯಲ್ಲಿ ಉಳಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ಅವರ ಗೆಡ್ಡೆ ಗೆಣಸಿನ ಅಡುಗೆ ಬೇರೆಲ್ಲೂ ಸಿಗುವುದಿಲ್ಲ. ಜೋಯಿಡಾದಲ್ಲಿ ಅದಕ್ಕಾಗಿಯೇ ಮೇಳ ನಡೆಯುತ್ತದೆ. ಯಾವ ಮರ ಹಣ್ಣು ಬಿಟ್ಟಿದೆ, ನಿನ್ನೆ ರಾತ್ರಿ ಏನು ಕೂಗಿತು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಕಾಡಿನೊಳಗಿನ ಊರು ಬಿಟ್ಟು ಹೋಗುವವರಿಗೆ ಕುಟುಂಬಕ್ಕೆ 10 ಲಕ್ಷವಿದ್ದ ಪರಿಹಾರವನ್ನು 2021ರಲ್ಲಿ 15 ಲಕ್ಷಕ್ಕೆ ಏರಿಸಿದರು. ಹೋಗಬೇಕೋ ಇರಬೇಕೋ ಅಂತ ಈಗಲೂ ಮನೆಮನೆಯಲ್ಲಿ ಮಾತಿದೆ. ಅದರ ಬಗ್ಗೆ ಪ್ರವಾಸಿಗರಾದ ನಾವು ಉಪದೇಶ ಮಾಡುವುದು ಬೇಡ. ಕೇಳಿಸಿಕೊಂಡು ಬಂದರೆ ಸಾಕು.

ಹಕ್ಕಿಗೆಂದೇ ಹೋಗುವವರಿಗೆ ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್ ಇದೆ. ಸೂಪಾ ಅಣೆಕಟ್ಟು ಕಟ್ಟುವಾಗ ಸ್ಫೋಟಕ ಇಡುತ್ತಿದ್ದ ಕಟ್ಟಡ ಅದು. ಈಗ ಅದರ ಅಂಗಳದಲ್ಲಿ ಹಕ್ಕಿಗಳಿಗೆ ನೀರಿನ ತೊಟ್ಟಿ ಇಟ್ಟಿದ್ದಾರೆ. ವಯಸ್ಸಾದವರೂ ಕುರ್ಚಿಯಲ್ಲಿ ಕೂತು ಮಳೆಕಾಡಿನ ಹಕ್ಕಿ ನೋಡಬಹುದು.

ಪ್ರಶ್ನೆಗಳಿಗೆ ಬರೋಣ.

ಶಾಲೆಯ ಅಕ್ಕೋರೊಬ್ಬರು ಕೇಳಿದರು: ಐವತ್ತು ಮಕ್ಕಳನ್ನು ಕರೆದುಕೊಂಡು ಸಫಾರಿಗೆ ಹೋಗಬಹುದಾ?

ಜೀಪಿಗೆ ಬೇಡ ಅಕ್ಕೋರೆ. ಎರಡು ಎರಡೂವರೆ ತಾಸು ಸುಮ್ನೆ ಕೂರುವುದು ದೊಡ್ಡವರಿಗೇ ಕಷ್ಟ. ಇಲಾಖೆಯವರ ಹತ್ತಿರ ಮೊದಲೇ ಮಾತಾಡಿ, ಕುಳಗಿ ಶಿಬಿರಕ್ಕೆ ಕರೆದುಕೊಂಡು ಹೋಗಿ. ಚಿಕ್ಕ ಗುಂಪು ಮಾಡಿ, ಗುಂಪಿಗೊಂದು ದುರ್ಬೀನು ಕೊಡಿ. ಎಷ್ಟು ಪ್ರಾಣಿ ನೋಡಿದಿರಿ ಅಂತ ಕೇಳಬೇಡಿ. ಎಷ್ಟು ಬಗೆಯ ಸದ್ದು ಕೇಳಿದಿರಿ ಅಂತ ಬರೆಸಿ.

ಮುಂದಿನ ಸಾಲಿನ ಒಬ್ಬ ಹಿರಿಯರು: ಬೆಳಗಿನ ಸಫಾರಿ ಒಳ್ಳೆಯದೋ ಸಂಜೆಯದ್ದೋ?

ತಿಂಗಳ ಮೇಲಿದೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸೂರ್ಯ ಏಳುವುದೇ ಹೆಚ್ಚುಕಡಿಮೆ ಏಳು ಗಂಟೆಗೆ. ಬೆಳಿಗ್ಗೆ ಆರಕ್ಕೆ ಹೊರಟರೆ ಮೊದಲ ಒಂದು ತಾಸು ಚಳಿ, ಮಂಜು, ಕತ್ತಲೆ. ಹಕ್ಕಿಯ ಕೂಗು ಕೇಳುವವರಿಗೆ ಅದು ಸರಿ. ಪ್ರಾಣಿ ನೋಡಬೇಕು ಅನ್ನುವವರು ಸಂಜೆಯದ್ದು ಹಿಡಿಯಿರಿ. ಏಪ್ರಿಲ್‌ನಲ್ಲಾದರೆ ಬೆಳಗಿನದ್ದೇ ಸರಿ, ಎಂಟರ ಮೇಲೆ ಎಲ್ಲವೂ ನೆರಳಿಗೆ ಹೋಗುತ್ತವೆ.

ಕೊನೆಗೆ ಒಬ್ಬ ಹುಡುಗ: ಸರ್, ನನಗೆ ಭಾನುವಾರ ಒಂದೇ ರಜೆ. ಏನು ಮಾಡಲಿ?

ಹಾಗಾದರೆ ಸಫಾರಿ ಬೇಡ ಮಾರಾಯಾ. ಶನಿವಾರ ಕೆಲಸ ಮುಗಿಸಿ ಬಸ್ಸಿನಲ್ಲಿ ದಾಂಡೇಲಿಗೆ ಹೋಗಿ ಮಲಗು. ಬೆಳಿಗ್ಗೆ ಬೇಗ ಎದ್ದು ಅಲ್ಲಿಯ ಮರದ ಡಿಪೋ ಕಡೆ ಹೋಗು. ಒಳಗೆ ಹೋಗುವ ಮೊದಲು ಗೇಟಿನಲ್ಲಿ ಕೇಳು. ಡಿಪೋದ ದೊಡ್ಡ ಮರಗಳಿಗೆ ಮಲಬಾರ್ ಪೈಡ್ ಮಂಗಟ್ಟೆಗಳು ಬರುತ್ತವೆ, ಕತ್ತೆತ್ತಿದರೆ ಸಾಕು. ಹತ್ತು ಗಂಟೆಯ ಹೊತ್ತಿಗೆ ಮುಗಿಯುತ್ತದೆ. ಮಧ್ಯಾಹ್ನದ ಬಸ್ಸು ಹಿಡಿದರೆ ಬೆಳಕಿರುವಾಗಲೇ ಅಣಶಿ ಘಟ್ಟ ಇಳಿಯಬಹುದು. ಕಿಟಕಿ ಪಕ್ಕದ ಸೀಟು ಹಿಡಿ.